ಧಾರವಾಡಕ್ಕೆ ಒಯ್ಯಲು ಡೋನಟ್ ಬೇಡ, ಬೆಬಿಂಕಾ ಒಯ್ಯಿರಿ

ಪಣಜಿಯಿಂದ ಧಾರವಾಡಕ್ಕೆ ಬರಿಗೈಲಿ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿಂದ ಬರುವಾಗ ಅವ್ವ ಪೇಡೆ ಕಟ್ಟಿ ಕೊಡುತ್ತಾಳೆ, ಇಲ್ಲಿಂದ ನಾನು ಬೇಕರಿ ತಿಂಡಿ ಒಯ್ಯುತ್ತೇನೆ. ಹೋದ ಜೂನ್‌ನಲ್ಲಿ ಅಕ್ಕನ ಮಕ್ಕಳಿಗೆಂದು ಆರು ಡೋನಟ್ ಕೊಂಡೆ.

ಅಂಗಡಿಯಲ್ಲೇ ಒಂದು ತಿಂದು ನೋಡಿದ್ದೆ. ಮೆತ್ತಗೆ, ಹಗುರವಾಗಿ ಚೆನ್ನಾಗಿಯೇ ಇತ್ತು. ಆದರೆ ಬಸ್ಸು ಅನ್ಮೋಡ ಘಾಟ್ ಹತ್ತುವಷ್ಟರಲ್ಲಿ ಡಬ್ಬಿಯ ತಳ ಒದ್ದೆಯಾಗಿತ್ತು. ಸಕ್ಕರೆ ಮಳೆಗಾಲದ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅಲ್ವಾ? ಮೇಲಿನ ಸಕ್ಕರೆ ಪಾಕವೆಲ್ಲ ಕರಗಿ ಇಳಿದಿತ್ತು. ಆರೂ ಒಂದಕ್ಕೊಂದು ಅಂಟಿದ್ದವು. ಬಿಡಿಸಲು ಹೋದರೆ ಮೇಲಿನ ಪದರವೇ ಕಿತ್ತು ಬರುತ್ತಿತ್ತು. ಚಾಕಲೇಟ್ ಪೂರ್ತಿ ಮುಚ್ಚಳಕ್ಕೆ ಹತ್ತಿತ್ತು. ಮಕ್ಕಳ ಮುಖ ನೋಡಿ ಬೇಜಾರಾಯಿತು.

ಉಳಿದ ಎರಡನ್ನು ಅಕ್ಕ ಫ್ರಿಜ್‌ನಲ್ಲಿಟ್ಟಳು. ಬೆಳಿಗ್ಗೆ ನೋಡಿದರೆ ಅಗಿಯಲಾರದಷ್ಟು ಬಿರುಸು. ಈಸ್ಟ್ ಹಾಕಿ ಉಬ್ಬಿಸಿ ಕರಿದ ಹಿಟ್ಟು ಅದು, ಕರಿದ ದಿನವೇ ತಿನ್ನಬೇಕು. ಫ್ರಿಜ್‌ನಲ್ಲಿ ಇನ್ನೂ ಬೇಗ ಹಳತಾಗುತ್ತದೆ.

ಮುಂದಿನ ಸಲ ಪಣಜಿಯ ಹಳೇ ಬಡಾವಣೆ ಫಾಂಟೇನಾಸ್‌ನಲ್ಲಿ 1930ರಿಂದ ನಡೆಯುತ್ತಿರುವ 31 ದೆ ಜನೈರೊ ಬೇಕರಿಯಿಂದ ಬೆಬಿಂಕಾ ತಂದೆ. ಅದು ಗೋವಾದ ಪದರ ಪದರದ ಸಿಹಿ. ಮೊಟ್ಟೆಯ ಹಳದಿ, ತೆಂಗಿನ ಹಾಲು, ತುಪ್ಪ, ಸಕ್ಕರೆ, ಜಾಯಿಕಾಯಿ. ಒಂದು ಪದರ ಹೊಯ್ದು, ಮೇಲಿನಿಂದ ಶಾಖ ಕೊಟ್ಟು ಬೇಯಿಸಿ, ಅದರ ಮೇಲೆ ಇನ್ನೊಂದು. ಸಾಮಾನ್ಯವಾಗಿ ಏಳು ಪದರ. ಇಷ್ಟು ತಾಳ್ಮೆಯ ಕೆಲಸ ಬೇರೆ ಯಾವ ತಿಂಡಿಯಲ್ಲೂ ನಾನು ಕಂಡಿಲ್ಲ. ಬಸ್ಸಿನಲ್ಲಿ ಎಷ್ಟು ಕುಲುಕಿದರೂ ಅದಕ್ಕೆ ಏನೂ ಆಗಲಿಲ್ಲ. ತಿನ್ನುವ ಮುಂಚೆ ಸ್ವಲ್ಪ ಬೆಚ್ಚಗೆ ಮಾಡಿ. ತಣ್ಣಗಿದ್ದರೆ ತುಪ್ಪ ಹೆಪ್ಪುಗಟ್ಟಿ ರುಚಿಯೇ ಗೊತ್ತಾಗುವುದಿಲ್ಲ.

ಬೆಬಿಂಕಾ ಕೊಳ್ಳುವಾಗ ಕತ್ತರಿಸಿದ ಅಂಚು ನೋಡಿ, ಪದರಗಳು ಬೇರೆ ಬೇರೆಯಾಗಿ ಕಾಣಬೇಕು. ಪ್ರವಾಸಿಗರಿಗೆಂದೇ ಇರುವ ಒಂದು ಅಂಗಡಿಯಲ್ಲಿ ಹಿಂದೊಮ್ಮೆ ಡಬ್ಬಿಯದ್ದು ಕೊಂಡಿದ್ದೆ. ಪದರಗಳು ಬಿಡಿಸಲು ಬರಲೇ ಇಲ್ಲ, ನಾಲಿಗೆಗೆ ಜಿಡ್ಡು ಅಂಟಿತು.

ಒಯ್ಯಬಹುದಾದ ಇನ್ನೊಂದು ತಿಂಡಿ ಬೊಲಿನ್ಯಾಸ್, ಅದು ತೆಂಗಿನಕಾಯಿ, ರವೆಯ ಬಿಸ್ಕತ್ತು. ಚಹಾದ ಜೊತೆ ಚಲೋ.

ಇವೆರಡರಲ್ಲೂ ಮೊಟ್ಟೆ ಇರುವುದರಿಂದ ಅವ್ವ ಮುಟ್ಟುವುದಿಲ್ಲ. ಅವಳಿಗೆ ದೊದೊಲ್. ಅಕ್ಕಿಹಿಟ್ಟು, ತೆಂಗಿನ ಹಾಲು, ಕಪ್ಪು ಬೆಲ್ಲ ಹಾಕಿ ಕಾಯಿಸಿ ಕಾಯಿಸಿ ಮಾಡಿದ್ದು, ನಮ್ಮ ಹಲ್ವಾದ ಹಾಗೆ. ಒಂದು ತುಂಡು ತಿಂದು ಇನ್ನೊಂದು ಕೇಳಿದಳು.

ಆರು ಡೋನಟ್‌ಗೆ ಕೊಟ್ಟ ದುಡ್ಡಿಗೆ ಒಂದು ಸಣ್ಣ ಬೆಬಿಂಕಾ ಬಂತು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಊರಿಗೆ ಹೋಗುವ ನನಗೆ ಅದೇ ಸರಿ. ಡೋನಟ್ ತಿನ್ನಬೇಕೆನಿಸಿದರೆ ಅಂಗಡಿಯಲ್ಲೇ ಕೂತು ತಿನ್ನುತ್ತೇನೆ. ಈ ಸಲ ಶನಿವಾರ ಹೊರಡುತ್ತೇನೆ. ಶುಕ್ರವಾರ ಮಾಪ್ಸಾ ಸಂತೆಗೆ ಹೋಗಿ ಅವ್ವನಿಗೆ ಅರ್ಧ ಕಿಲೋ ದೊದೊಲ್ ತರಬೇಕು.