ಮೆಟ್ಟಿಲುಗಳ ನಡುವೆ ತೋಡಿದ ಹಳ್ಳ: ಯಮಹಾ ಪೆಸಿಫಿಕಾ ಗಿಟಾರಿನ ಮಾರ್ಪಾಡು

ಕರ್ನಾಟಕ ಸಂಗೀತವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಹೊರಟವರಿಗೆ ಮೊದಲು ಎದುರಾಗುವ ತೊಡಕು ಗಮಕ, ಅಂದರೆ ತಂತಿ ಎಳೆದು ಸ್ವರವನ್ನು ತೂಗುವುದು. ವೀಣೆಯಲ್ಲಿ 24 ಮೆಟ್ಟಿಲುಗಳು (ಫ್ರೆಟ್) ಮೇಣದ ಮೇಲೆ ಎತ್ತರದಲ್ಲಿ ಕೂತಿರುವುದರಿಂದ ಬೆರಳಿಗೆ ತಗಲುವುದು ತಂತಿ ಮತ್ತು ಮೆಟ್ಟಿಲು ಮಾತ್ರ. ಗಿಟಾರಿನಲ್ಲಾದರೋ ಬೆರಳ ತುದಿ ಮರಕ್ಕೂ ಉಜ್ಜುತ್ತದೆ, ತಂತಿ ಎಳೆದಷ್ಟೂ ಕೈ ತಡೆಯುತ್ತದೆ. ಆರು ವರ್ಷಗಳಿಂದ ನನ್ನಲ್ಲಿರುವ ಯಮಹಾ ಪೆಸಿಫಿಕಾ 112ವಿ ಗಿಟಾರನ್ನು ಈ ಕಾರಣಕ್ಕೇ ಬೆಂಗಳೂರಿನ ಒಬ್ಬ ಕುಶಲಕರ್ಮಿಗೆ ಒಪ್ಪಿಸಿ, 12ನೆಯ ಮೆಟ್ಟಿಲಿನಿಂದ 22ನೆಯದರವರೆಗೆ ನಡುವಿನ ಮರವನ್ನು ಹಳ್ಳವಾಗಿ ತೋಡಿಸಿದೆ. ಇದಕ್ಕೆ ಸ್ಕ್ಯಾಲಪಿಂಗ್ ಎನ್ನುತ್ತಾರೆ. 1970ರ ದಶಕದಲ್ಲಿ ಭಾರತೀಯ ಸಂಗೀತವನ್ನೂ ಜಾಝನ್ನೂ ಬೆಸೆದ ಶಕ್ತಿ ತಂಡದಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ನುಡಿಸುತ್ತಿದ್ದ ಗಿಟಾರಿಗೂ ಇಂಥ ಹಳ್ಳಗಳಿದ್ದವು.

ಕೆಲಸ ನಡೆದ ಒಂದು ಮಧ್ಯಾಹ್ನ ನಾನು ಅಲ್ಲೇ ಕೂತಿದ್ದೆ. ಪ್ರತಿ ಮೆಟ್ಟಿಲಿಗೂ ಅಂಟುಪಟ್ಟಿ ಸುತ್ತಿ, ದುಂಡನೆಯ ಅರದಿಂದ ಮರ ಕೆರೆದು, ಮರಳುಕಾಗದ ಸುತ್ತಿದ ಕೊಳವೆಯಿಂದ ಅವರು ನಯಗೊಳಿಸುತ್ತಿದ್ದರು. ಬೀಟೆಯ ಪುಡಿ ಕಾಫಿಪುಡಿಯಂತೆ ಮೇಜಿನ ಮೇಲೆ ಬೀಳುತ್ತಿತ್ತು. ಬೀಟೆಯಾದ್ದರಿಂದ ಕೊನೆಗೆ ಎಣ್ಣೆ ಸವರಿದರೆ ಸಾಕಾಯಿತು. ಮೆಟ್ಟಿಲು ಕೂರಿಸಿದ ಪಟ್ಟಿ ಮೇಪಲ್ ಮರದ್ದಾಗಿದ್ದರೆ ಮತ್ತೆ ಮೆರುಗು ಬಳಿಯಬೇಕಾಗುತ್ತಿತ್ತು.

ಈಗ 15ನೆಯ ಮನೆಯಲ್ಲಿ (ಮೆಟ್ಟಿಲುಗಳ ನಡುವಿನ ಜಾಗ) ತೋಡಿ ರಾಗದ ಗಾಂಧಾರವನ್ನು ಮಧ್ಯಮದ ಕಡೆಗೆ ತೂಗುವಾಗ ತಂತಿ ಬೆರಳಿನ ಕೆಳಗಿಂದ ಜಾರುವುದಿಲ್ಲ, ಉಗುರು ಮರಕ್ಕೆ ತಾಗುವುದಿಲ್ಲ. ಆದರೆ ಒತ್ತಡ ತುಸು ಹೆಚ್ಚಾದರೂ ಶ್ರುತಿ ಏರಿಬಿಡುತ್ತದೆ. ಮುಷ್ಟಿ ಬಿಗಿಹಿಡಿದು ನುಡಿಸುವವರು ಇದರ ಗೊಡವೆಗೆ ಹೋಗದಿರುವುದೇ ಒಳ್ಳೆಯದು, ಏಕೆಂದರೆ ತೋಡಿದ ಮರ ತಿರುಗಿ ಬರುವುದಿಲ್ಲ.

ನಾನು ಮಾಡಿದ ತಪ್ಪೆಂದರೆ ಕೆಲಸದ ಕ್ರಮ. ಹಳ್ಳ ತೋಡಿಸಿದ ಮೇಲೂ ತಂತಿ ಎಳೆದಾಗ ಉಳಿದ ತಂತಿಗಳ ಶ್ರುತಿ ಇಳಿಯುತ್ತಲೇ ಇತ್ತು. 1954ರ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರಿನಿಂದ ಬಂದ ಮಾದರಿಯ ಟ್ರೆಮೊಲೊ ಬ್ರಿಡ್ಜ್, ಅಂದರೆ ತಂತಿಗಳ ಕೆಳತುದಿಯನ್ನು ಹಿಡಿದಿರುವ ಅಲುಗುವ ಭಾಗ, ಸ್ಪ್ರಿಂಗುಗಳ ಬಲದ ಮೇಲೆ ನಿಂತಿರುತ್ತದೆ. ಒಂದು ತಂತಿಯ ಬಿಗಿ ಹೆಚ್ಚಿದರೆ ಬ್ರಿಡ್ಜ್ ಮುಂದಕ್ಕೆ ಬಾಗಿ ಮಿಕ್ಕವು ಸಡಿಲವಾಗುತ್ತವೆ. ಷಡ್ಜವನ್ನು ಶ್ರುತಿಯಾಗಿ ಮೀಟಿಕೊಂಡು ಗಮಕ ನುಡಿಸುವವನಿಗೆ ಇದಕ್ಕಿಂತ ಹಿಂಸೆ ಬೇರೆ ಬೇಕೇ? ಗಿಟಾರಿನ ಬೆನ್ನ ಗುಂಡಿಯಲ್ಲಿ ಬ್ರಿಡ್ಜಿನ ಲೋಹದ ದಿಮ್ಮಿಗೂ ಹಿಂಬದಿಯ ಗೋಡೆಗೂ ನಡುವೆ ತೇಗದ ತುಂಡೊಂದನ್ನು ಬಿಗಿಯಾಗಿ ಕೂರಿಸಿದ ಮೇಲೆ ಕಾಟ ತಪ್ಪಿತು. ಅರ್ಧ ಗಂಟೆಯ ಕೆಲಸ, ಬೇಡವೆನಿಸಿದರೆ ತೆಗೆದೂಬಿಡಬಹುದು. ಇದನ್ನೇ ಮೊದಲು ಮಾಡಿಸಬೇಕಿತ್ತು.

ಜೊತೆಗೆ 1, 2 ಮತ್ತು 6ನೆಯ ತಂತಿಗಳನ್ನು ಒಂದೊಂದು ಸ್ವರ ಇಳಿಸಿ ಡಿ-ಎ-ಡಿ-ಜಿ-ಎ-ಡಿ ಶ್ರುತಿಗೆ ತಂದಿದ್ದೇನೆ. ಡಿ ಷಡ್ಜವಾದರೆ ದಪ್ಪ ತಂತಿಯಿಂದ ಸ-ಪ-ಸ-ಮ-ಪ-ಸ ಸಿಗುತ್ತದೆ, ಮೊದಲ ತಂತಿ ಎಳೆಯಲೂ ಹಗುರಾಗುತ್ತದೆ.

ಕೆಲಸದಲ್ಲಿ ಕೊರತೆಯೂ ಇತ್ತು. ಗಿಟಾರಿನ ತಲೆಯ ಬಳಿ ತಂತಿಗಳು ಹಾದುಹೋಗುವ ಪಟ್ಟಿಯಾದ ನಟ್ಟಿನಲ್ಲಿ ಮೂರನೆಯ ತಂತಿಯ ಸೀಳನ್ನು ಅವರು ಆಳವಾಗಿ ಕೊರೆದಿದ್ದರಿಂದ ಬಿಡಿತಂತಿ ಮೊದಲ ಮೆಟ್ಟಿಲಿಗೆ ತಾಗಿ ಜುಂಯ್‌ಗುಟ್ಟುತ್ತಿತ್ತು. ತೋರಿಸಿದಾಗ ವಾದಿಸದೆ ಹೊಸ ನಟ್ಟು ಹಾಕಿಕೊಟ್ಟರು, ಹಣ ಕೇಳಲಿಲ್ಲ. ಬೇಡದ ಸದ್ದು ತಡೆಯಲೆಂದು ಒಳಗೆ ಹಚ್ಚಿಸಿದ ತಾಮ್ರದ ಹಾಳೆ ಮಾತ್ರ ನಿರೀಕ್ಷೆಯಷ್ಟು ಉಪಯೋಗಕ್ಕೆ ಬರಲಿಲ್ಲ: ಚರಪರ ಸದ್ದು ತಗ್ಗಿದರೂ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂಟಿ ಸುರುಳಿಯ ಭಾಗ) ಹಿಡಿಯುವ ಕರೆಂಟಿನ 50 ಹರ್ಟ್ಸ್‌ನ ಗುಂಯ್‌ಕಾರ ಹಾಗೇ ಇದೆ, ಅದು ಬೇಡವಾದಾಗ ಬ್ರಿಡ್ಜ್ ಬಳಿಯ, ಈ ಗುಂಯ್‌ಕಾರ ಅಡಗಿಸುವ ಜೋಡಿ ಸುರುಳಿಯ ಹಂಬಕರ್ ಪಿಕಪ್ಪಿಗೆ ಬದಲಿಸಿಕೊಳ್ಳುತ್ತೇನೆ.

ಎಲ್ಲ ಸೇರಿ ಗಿಟಾರಿನ ಬೆಲೆಯ ಸುಮಾರು ಕಾಲುಭಾಗ ಖರ್ಚಾಯಿತು. ಉಳಿದ ಮನೆಗಳನ್ನೂ ತೋಡಿಕೊಡಲೇ ಎಂದು ಕುಶಲಕರ್ಮಿ ಕೇಳಿದ್ದಾರೆ; ಸಂಜೆ ಮಕ್ಕಳಿಗೆ ಕಾರ್ಡ್‌ಗಳನ್ನು ಹೇಳಿಕೊಡುವುದೂ ಇದೇ ಗಿಟಾರಿನಲ್ಲಾದ್ದರಿಂದ ಸದ್ಯಕ್ಕೆ ಬೇಡವೆಂದಿದ್ದೇನೆ.