ಮಾರಿಗುಡಿ ಮೊಬೈಲಿನಲ್ಲಿ, ಗೋಕರ್ಣ ಬೆರಳಲ್ಲಿ

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಮಂಡಿ ನೋವು. ಶಿರಸಿ ಪೇಟೆಗೆ ಹೋಗುವುದೇ ಕಷ್ಟ, ಇನ್ನು ಜಾತ್ರೆಯ ನೂಕುನುಗ್ಗಲು ಆಗದ ಮಾತು. ಹಾಗಾಗಿ ಲೈವ್, ವಾಟ್ಸಾಪ್ ಫೋಟೊ, ಆನ್‌ಲೈನ್ ಸೇವೆ ಮೂರನ್ನೂ ಮನೆಯಲ್ಲೇ ಕೂತು ನೋಡಿದ್ದಾಯ್ತು.

2024ರ ಮಾರಿ ಜಾತ್ರೆ ನಮಗೆ ಯೂಟ್ಯೂಬಿನಲ್ಲೇ ನಡೆಯಿತು. ಮಾರಿಕಾಂಬೆಯದು ಏಳಡಿ ಎತ್ತರದ ಮರದ ಮೂರ್ತಿ, ಎಂಟು ಕೈ. ಜಾತ್ರೆಯಲ್ಲಿ ದೇವಿಯನ್ನು ಕೂರಿಸುವ ಬಿಡಕಿಬೈಲಿನ ಗದ್ದುಗೆ ಎದುರು ತಾಸುಗಟ್ಟಲೆ ನಿಂತರೂ ಕಾಣುವುದು ಒಂದು ಗಳಿಗೆ, ಅಷ್ಟರಲ್ಲಿ ಹಿಂದಿನವರು ತಳ್ಳುತ್ತಾರೆ. ಫೋನಿನಲ್ಲಾದರೆ ಮೂಗುತಿಯೂ ಕಾಣುತ್ತದೆ. ಆಯಿ ಫೋನನ್ನು ತಾಮ್ರದ ತಂಬಿಗೆಗೆ ಒರಗಿಸಿ ಆರತಿ ಎತ್ತಿದಳು. ಎರಡು ಸುತ್ತಾಗಿತ್ತು, ದೇವಿ ಹೋಗಿ ಬನಿಯನ್ ಜಾಹೀರಾತು ಬಂತು!

"ಎಂತಾ ಆತೋ ತಮಾ, ಅಮ್ಮ ಎಲ್ಲಿಗೆ ಹೋದ್ಲು?"

ತಟ್ಟೆ ಹಾಗೇ ಹಿಡಿದು ನಿಂತಳು. ನಾನು ಸ್ಕಿಪ್ ಒತ್ತಿದ ಮೇಲೇ ಮೂರನೇ ಸುತ್ತು. ಕರ್ಪೂರದ ಮಸಿ ಸ್ಕ್ರೀನ್ ಗಾರ್ಡ್ ಮೇಲೆ ಈಗಲೂ ಇದೆ.

ದಿನನಿತ್ಯಕ್ಕೆ ಮಾತ್ರ ವಾಟ್ಸಾಪ್ ಫೋಟೊನೇ ವಾಸಿ. ಹೊನ್ನಾವರದ ಅತ್ತೆ ಇಡಗುಂಜಿ ಗಣಪನ ಫೋಟೊ ಕಳಿಸುತ್ತಾಳೆ. ಎರಡೇ ಕೈ, ನಿಂತ ಗಣಪ. ಬೆಳಿಗ್ಗೆ ತೆಳ್ಳೇವು ದೋಸೆ ಹಾಕುವ ಮೊದಲು ಆಯಿಗೆ ಅದು ಬೇಕೇ ಬೇಕು. ತೊಂದರೆ ಒಂದೇ, ಫೋನ್ ತುಂಬಿಹೋಗಿದೆ. ಹಳೆಯದನ್ನು ತೆಗೀತೇನೆ ಅಂದರೆ, "ದೇವರನ್ನ ಡಿಲೀಟ್ ಮಾಡೂದಾ?" ಅನ್ನುತ್ತಾಳೆ. ಈಗ ನನ್ನ ಮದುವೆ ಫೋಟೊಗಳೇ ಪೆನ್‌ಡ್ರೈವಿಗೆ ಹೋಗಿವೆ.

ಆನ್‌ಲೈನ್ ಸೇವೆ ನನಗೆ ಹಿಡಿಸಲಿಲ್ಲ. ಗೋತ್ರ, ನಕ್ಷತ್ರ ತುಂಬಿಸಿ ದುಡ್ಡು ಕಟ್ಟಿದ್ದೆ. ಪ್ರಸಾದ ಬಂದದ್ದು ಹನ್ನೆರಡನೇ ದಿನ, ಕುಂಕುಮವೆಲ್ಲ ಕಲ್ಲುಸಕ್ಕರೆಗೆ ಮೆತ್ತಿಕೊಂಡು. ಆಯಿ ತೊಳೆದು ತಿಂದಳು, ಅದು ಬೇರೆ ಮಾತು.

ಗೋಕರ್ಣಕ್ಕೆ ಬಂದರೆ ಈ ಮೂರೂ ಸುಮ್ನೆ. ಗರ್ಭಗುಡಿಯಲ್ಲಿ ಫೋಟೊ ತೆಗೆಯುವಂತಿಲ್ಲ. ತೆಗೆದರೂ ಏನು ಕಾಣೀತು? ಆತ್ಮಲಿಂಗ ಇರುವುದು ಪೀಠದೊಳಗೆ. ನಡುವಿನ ಕುಳಿಗೆ ಕೈ ಇಳಿಸಿದರೆ ಅದರ ತುದಿ ಬೆರಳಿಗೆ ತಾಗುತ್ತದೆ, ಅಷ್ಟೇ ದರ್ಶನ. ಆಯಿ ಹಟ ಹಿಡಿದಳು, ಕಾರು ಮಾಡಿಕೊಂಡು ಹೋದೆವು. ಮಂಡಿ ಮರೆತು ಬಗ್ಗಿದಳು. ಕೈ ಇಳಿಸಿದವಳು ಬೇಗ ತೆಗೆಯಲೇ ಇಲ್ಲ.

ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಅತ್ತೆಯ ಫೋಟೊ ಬಂತು. ನೋಡ್ತೀಯಾ ಅಂತ ಫೋನ್ ಕೊಟ್ಟೆ. ಬಲಗೈಯನ್ನು ಮಡಿಲಲ್ಲೇ ಮುಚ್ಚಿಟ್ಟುಕೊಂಡು ಎಡಗೈ ಚಾಚಿದಳು.