ಆರು ವರ್ಷದಿಂದ ಕ್ರಾನ್ ಬಳಸ್ತಿದ್ದೇನೆ, ಅದು ಬಾಯಿ ಬಿಡೋದಿಲ್ಲ ಅನ್ನೋದೇ ನನ್ನ ತಕರಾರು

ಶಿರಸಿಯಲ್ಲಿ ನಮ್ಮದೊಂದು ಸಣ್ಣ ಅಡಿಕೆ ವಖಾರಿ, ಅಲ್ಲಿಯ ಲೆಕ್ಕ, ಬಿಲ್, ಕಂಪ್ಯೂಟರ್ ಎಲ್ಲ ನನ್ನ ತಲೆ ಮೇಲೆ. ಚಾಲಿ ಮೂಟೆಯ ಧೂಳು ತಾಗದ ಹಾಗೆ ಒಳಕೋಣೆಯ ಗಾಜಿನ ಕಪಾಟಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇಟ್ಟು ಡೆಬಿಯನ್ ಅನ್ನೋ ಲಿನಕ್ಸ್ ಹಾಕಿದ್ದೇನೆ, ಅದೇ ನಮ್ಮ ಸರ್ವರ್. ರಾತ್ರಿ ಒಂದೂವರೆಗೆ ಬಿಲ್ ಡೇಟಾಬೇಸಿನ ಬ್ಯಾಕಪ್ ತಗೊಂಡು ಹೊರಗಿನ ಸ್ಟೋರೇಜಿಗೆ ಕಳಿಸೋದು, ಹಳೇ ಫೈಲ್ ಅಳಿಸೋದು, ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಹೀಗೆ ಎಲ್ಲ ಬಗೆಯ ಅಡಿಕೆಯ ದಿನದ ವಹಿವಾಟಿನ ಪಟ್ಟಿ ಮಾಡಿಡೋದು, ಇಷ್ಟನ್ನೂ ಕ್ರಾನ್‌ಗೆ, ಅಂದ್ರೆ ಹೇಳಿದ ಹೊತ್ತಿಗೆ ಕೆಲಸವನ್ನ ತಾನೇ ಓಡಿಸೋ ಪ್ರೋಗ್ರಾಂಗೆ, ವಹಿಸಿ ಆರು ವರ್ಷ ಆಯ್ತು. ಕೆಲಸದ ಹೊತ್ತು ಹೇಳೋ ಅದರ ಐದು ಖಾನೆಯಲ್ಲಿ ಎಲ್ಲೆಲ್ಲಿ ಏನು ಬರೀಬೇಕು ಅನ್ನೋದು ಎಲ್ಲಾ ಕಡೆ ಸಿಗ್ತದೆ, ಅದನ್ನ ಬಿಡ್ತೇನೆ. ನಂಗೆ ಬರೀಬೇಕು ಅನ್ನಿಸಿದ್ದು ಅದರ ಮೌನದ ಬಗ್ಗೆ, ಯಾಕಂದ್ರೆ ಅದರಿಂದ ನಮಗೆ ಒಮ್ಮೆ ದೊಡ್ಡ ಪೆಟ್ಟೇ ಬಿದ್ದಿದೆ.

2022ರ ಏಪ್ರಿಲ್. ಮಳೆಗಾಲಕ್ಕೆ ಮೊದಲು ನಮ್ಮಲ್ಲಿ ಗುಡುಗು ಸಿಡಿಲಿನ ಮಳೆ ಬರ್ತದಲ್ಲ, ಹಾಗೊಂದು ಸಂಜೆ ಕರೆಂಟ್ ಹೋಗಿ ಬಂದು ಹೋಗಿ ಬಂದು, ಡೇಟಾ ಇದ್ದ ಹಾರ್ಡ್‌ಡಿಸ್ಕ್ ಸತ್ತೇ ಹೋಯ್ತು. ಗಾಬರಿ ಆಗ್ಲಿಲ್ಲ, ದಿನಾ ರಾತ್ರಿ ಬ್ಯಾಕಪ್ ಹೊರಗೆ ಹೋಗ್ತದಲ್ಲ ಅಂತ ಧೈರ್ಯ. ಹೊಸ ಡಿಸ್ಕ್ ತಂದು ಹಾಕಿ ಹೊರಗಿನ ಸ್ಟೋರೇಜ್ ತೆಗೆದು ನೋಡಿದ್ರೆ ಕೊನೇ ಫೈಲ್ 23 ದಿನ ಹಿಂದಿನದು. ಸೀಸನ್ ಟೈಮು, ದಿನಕ್ಕೆ ಎಷ್ಟು ಬೆಳೆಗಾರರು ಬಂದು ಹೋಗ್ತಾರೆ ಅನ್ನೋದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಬರೆದಿಟ್ಟ ರಶೀದಿ ನೋಡಿ ನಾನೂ ನನ್ನ ಹೆಂಡತಿಯೂ ನಾಲ್ಕು ರಾತ್ರಿ ಕೂತು ಒಂದೊಂದೇ ಬಿಲ್ ಮತ್ತೆ ಹೊಡೆದೆವು. ಅವಳು ಓದೋದು, ನಾನು ಟೈಪ್ ಮಾಡೋದು.

ಆಗಿದ್ದೇನಪ್ಪಾ ಅಂದ್ರೆ, 23 ದಿನದ ಹಿಂದೆ ನಾನು ಸಿಸ್ಟಮ್ ಹೊಸದಾಗಿ ಹಾಕಿದ್ದೆ. ಬ್ಯಾಕಪ್ ಸ್ಕ್ರಿಪ್ಟ್, ಅಂದ್ರೆ ಕಮಾಂಡ್‌ಗಳನ್ನ ಬರೆದಿಟ್ಟ ಫೈಲ್, ಕೈಯಾರೆ ಓಡಿಸಿ ನೋಡಿದೆ, ಸರಿಯಾಗಿ ಬ್ಯಾಕಪ್ ಹೋಯ್ತು, ಅದೇ ಸಾಲನ್ನ ಕ್ರಾನ್‌ಟ್ಯಾಬಿಗೆ, ಅಂದ್ರೆ ಕ್ರಾನಿನ ಕೆಲಸದ ಪಟ್ಟಿಗೆ, ಹಾಕಿ ಮನೆಗೆ ಹೋದೆ. ಆದ್ರೆ ಫೈಲ್ ಕಳಿಸೋ ಆರ್‌ಕ್ಲೋನ್ ಅನ್ನೋ ಪ್ರೋಗ್ರಾಂ ಈ ಸಲ ಕೂತಿದ್ದು /ಯುಎಸ್‌ಆರ್/ಲೋಕಲ್/ಬಿನ್ ಒಳಗೆ. ನಾವು ಲಾಗಿನ್ ಆದಾಗ ಪಾತ್‌ನಲ್ಲಿ, ಅಂದ್ರೆ ಪ್ರೋಗ್ರಾಂ ಹುಡುಕೋ ಫೋಲ್ಡರುಗಳ ಪಟ್ಟಿಯಲ್ಲಿ, ಅದೂ ಇರ್ತದೆ, ಕ್ರಾನ್‌ಗೆ ಇರೋದು /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡೇ. ನಮ್ಮ ಸೆಟ್ಟಿಂಗ್ ಇರೋ ಬ್ಯಾಶ್‌ಆರ್‌ಸಿ ಫೈಲನ್ನ ಅದು ತೆರೆದೂ ನೋಡೋದಿಲ್ಲ. ಪ್ರತಿ ರಾತ್ರಿ ಒಂದೂವರೆಗೆ ಸರಿಯಾಗಿ ಎದ್ದಿದೆ, ಬ್ಯಾಕಪ್ ಮಾಡಿ ಅದೇ ಡಿಸ್ಕಿನಲ್ಲಿ ಇಟ್ಟಿದೆ, ಕಳಿಸೋಕೆ ಹೋದಾಗ 'ಕಮಾಂಡ್ ನಾಟ್ ಫೌಂಡ್' ಅಂದಿದೆ, ಮಲಗಿದೆ. ಸಿಸ್ಟಮ್ ಇದ್ದ ಎಸ್‌ಎಸ್‌ಡಿ ಉಳಿದಿತ್ತು, ಅದರ ಸಿಸ್‌ಲಾಗ್, ಅಂದ್ರೆ ಸಿಸ್ಟಮ್ ಬರೆದಿಡೋ ದಾಖಲೆ, ತೆಗೆದರೆ ದಿನಕ್ಕೊಂದು ಸಾಲು, 'ನೋ ಎಮ್‌ಟಿಎ ಇನ್‌ಸ್ಟಾಲ್ಡ್, ಡಿಸ್‌ಕಾರ್ಡಿಂಗ್ ಔಟ್‌ಪುಟ್'. ಅಂದ್ರೆ ಅದು ಹೇಳೋಕೆ ನೋಡಿದೆ, ಮೇಲ್ ಕಳಿಸೋ ವ್ಯವಸ್ಥೆ ಮೆಷಿನ್ನಲ್ಲಿ ಇಲ್ಲ, ಹೇಳಬೇಕಾದ್ದನ್ನ ಎಸೆದುಬಿಟ್ಟಿದೆ. ಆ ಸಾಲು ನೋಡಿದಾಗ ಬಂದ ಸಿಟ್ಟು ಈಗ್ಲೂ ನೆನಪಿದೆ.

ಆ ಸಿಟ್ಟಲ್ಲೇ ಬೇರೆ ಏನಾದ್ರೂ ದುಡ್ಡು ಕೊಟ್ಟು ತಗೊಳ್ಳೋಣ ಅಂತ ಹುಡುಕಿದೆ, ತಿಂಗಳು ತಿಂಗಳು ಕಟ್ಟೋ ಲೆಕ್ಕ ನಮ್ಮಂಥ ವಖಾರಿಗೆ ಹೊಂದಲಿಲ್ಲ. ಹಾಗಾಗಿ ಕೂತು ಕಲಿತೆ, ಕಲಿತ ಹಾಗೆ ಸಿಟ್ಟು ಇಳೀತು. ಡೆಬಿಯನ್‌ನಲ್ಲಿ ಇರೋದು ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನಿನ ವಂಶದ್ದೇ. ಆಗಿನವರು ಅದೇ ಮೆಷಿನ್ನಿಗೆ ಲಾಗಿನ್ ಆಗಿ ಅಲ್ಲೇ ಮೇಲ್ ಓದ್ತಿದ್ರು, ತಪ್ಪಾದ್ರೆ ಕಣ್ಣಿಗೆ ಬೀಳ್ತಿತ್ತು. ನಾವು ಮೇಲ್ ಕಿತ್ತು ಹಾಕಿ ಕ್ರಾನ್ ಮಾತ್ರ ಇಟ್ಕೊಂಡಿದ್ದೇವೆ.

ಈಗ ಯಾವುದೇ ಸ್ಕ್ರಿಪ್ಟ್ ಓಡ್ಲಿಲ್ಲ ಅಂದ್ರೆ ನಾನು ಮೊದಲು ಮಾಡೋದು, ನಿಮಿಷಕ್ಕೊಮ್ಮೆ ಓಡೋ ಒಂದು ಸಾಲು ಹಾಕಿ ಕ್ರಾನ್‌ನ ಎನ್ವಿರಾನ್ಮೆಂಟನ್ನ, ಅಂದ್ರೆ ಪಾತ್‌ನಂಥ ಸೆಟ್ಟಿಂಗುಗಳನ್ನ, ಒಂದು ಫೈಲಿಗೆ ಬರೆಸೋದು. ಒಂದು ನಿಮಿಷ ಕಾದು ತೆರೆದ್ರೆ ಬೆರಳೆಣಿಕೆಯ ಸಾಲು ಇರ್ತದೆ, ನನ್ನ ಟರ್ಮಿನಲ್ಲಲ್ಲಿ ಅದೇ ಸ್ಕ್ರೀನ್ ತುಂಬ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಅರ್ಧ ಕಾಯಿಲೆ ಅಲ್ಲೇ ಗೊತ್ತಾಗ್ತದೆ. ಮತ್ತೆ ಆ ಪರ್ಸೆಂಟ್ ಚಿಹ್ನೆ, ಅದಂತೂ ನನ್ನ ಎರಡು ಸಂಜೆ ತಿಂದಿದೆ. ಫೈಲ್ ಹೆಸರಿಗೆ ತಾರೀಖು ಸೇರಿಸೋಕೆ ಡೇಟ್ ಕಮಾಂಡಿನಲ್ಲಿ % ಹಾಕ್ತೇವಲ್ಲ, ಕ್ರಾನ್‌ಟ್ಯಾಬ್ ಸಾಲಿನಲ್ಲಿ % ಬಂದ್ರೆ ಕಮಾಂಡ್ ಅಲ್ಲಿಗೇ ಮುಗೀತು ಅಂತ ಲೆಕ್ಕ, ಮುಂದಿನದೆಲ್ಲ ಇನ್‌ಪುಟ್ ಆಗಿ ಹೋಗ್ತದೆ. ಅದರ ಮುಂದೆ \ ಹಾಕ್ಬೇಕು, ಇಲ್ಲಾ ತಾರೀಖಿನ ಕೆಲಸವನ್ನ ಸ್ಕ್ರಿಪ್ಟ್ ಒಳಗೇ ಇಟ್ಕೊಬೇಕು. ನಾನು ಎರಡನೇದು ಮಾಡ್ತೇನೆ, ಕ್ರಾನ್‌ಟ್ಯಾಬಲ್ಲಿ ಪೂರ್ತಿ ಪಾತ್ (ಫೈಲ್ ಇರೋ ಜಾಗ) ಬರೆದ ಸ್ಕ್ರಿಪ್ಟ್ ಹೆಸರು ಬಿಟ್ರೆ ಏನೂ ಇಡೋದಿಲ್ಲ.

ಕುಮಟೆಯಲ್ಲಿರೋ ನನ್ನ ಭಾವ ಅವನ ಅಂಗಡಿ ಸರ್ವರಲ್ಲಿ ಬ್ಯಾಕಪ್ ಸ್ಕ್ರಿಪ್ಟನ್ನ ಕ್ರಾನ್ ಡಾಟ್ ಡೈಲಿ ಫೋಲ್ಡರಿಗೆ ಹಾಕಿ ವಾರ ಕಾದ, ಒಂದು ದಿನವೂ ಓಡ್ಲಿಲ್ಲ. ಪರ್ಮಿಷನ್ ಸರಿ, ಪಾತ್ ಸರಿ. ಫೈಲ್ ಹೆಸರಿನ ಕೊನೆಗೆ ಡಾಟ್ ಎಸ್‌ಎಚ್ ಇತ್ತು, ಡೆಬಿಯನ್‌ನಲ್ಲಿ ಆ ಫೋಲ್ಡರಿನ ಫೈಲ್ ಹೆಸರಲ್ಲಿ ಚುಕ್ಕಿ ಇದ್ರೆ ಅದನ್ನ ಮುಟ್ಟೋದೇ ಇಲ್ಲ. ಫೋನಲ್ಲೇ ಹೇಳಿ ಚುಕ್ಕಿ ತೆಗೆಸಿದೆ, ಮರುದಿನ ಓಡ್ತು.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ. ಡೇಟಾಬೇಸ್ ಡಂಪನ್ನ (ಪೂರ್ತಿ ಪ್ರತಿ) ಪೈಪ್ ಮಾಡಿ, ಅಂದ್ರೆ ನೇರವಾಗಿ, ಫೈಲ್ ಕುಗ್ಗಿಸೋ ಜಿಜಿಪ್‌ಗೆ ಕೊಟ್ಟಾಗ, ಡಂಪ್ ಕೆಟ್ಟರೂ ಜಿಜಿಪ್ ತನ್ನ ಕೆಲಸ ಮುಗಿಸಿ ಎಲ್ಲ ಸರಿ ಅನ್ನೋ ಕೋಡೇ ಕೊಡ್ತದೆ. ಫೈಲ್ ಬಂದಿರ್ತದೆ, ಹೆಸರು ಸರಿ, ತಾರೀಖು ಸರಿ, ಒಳಗೆ ಏನೂ ಇರೋದಿಲ್ಲ, ಬರೀ 20 ಬೈಟ್. ಈಗ ಪ್ರತಿ ಸ್ಕ್ರಿಪ್ಟಿನ ಮೇಲೆ, ಮಧ್ಯದಲ್ಲಿ ಯಾವುದು ಕೆಟ್ಟರೂ ತಪ್ಪು ಅಂತ ಹೇಳೋ 'ಪೈಪ್‌ಫೇಲ್' ಹಾಕಿದ್ದೇನೆ, ಜೊತೆಗೆ ಫೈಲಿನ ಸೈಜ್ ನೋಡಿ ನನ್ನ ಟೆಲಿಗ್ರಾಮಿಗೆ ಒಂದು ಸಾಲು ಕಳಿಸೋ ಹಾಗೆ ಮಾಡಿದ್ದೇನೆ.

ಆ ಒಂದು ಸಾಲು ನಂಗೆ ಇಷ್ಟು ಹಿಡಿಸ್ತದೆ ಅಂತ ಅಂದುಕೊಂಡಿರ್ಲಿಲ್ಲ. ಬೆಳಿಗ್ಗೆ ಆರೂವರೆಗೆ ಹಿತ್ತಲ ಬಾಗಿಲು ತೆಗೆದು, ಚಾ ಲೋಟ ಹಿಡ್ಕೊಂಡು ಜಗಲಿ ಮೇಲೆ ಕೂತು ಮೊದಲು ನೋಡೋದು ಅದನ್ನೇ. ತಾರೀಖು, ಎಷ್ಟು ಎಂಬಿ, ಎಷ್ಟು ಸೆಕೆಂಡ್ ತಗೊಂಡಿತು, ಅಷ್ಟೇ. ಸೀಸನ್ನಿನಲ್ಲಿ ದಿನಾ ಚೂರು ಚೂರು ಬೆಳೀತದೆ, ಆಟಿ ತಿಂಗಳಲ್ಲಿ ಹೆಚ್ಚು ಕಡಿಮೆ ನಿಂತೇ ಇರ್ತದೆ. 2024ರ ಮಾರಿಕಾಂಬಾ ಜಾತ್ರೆಯಲ್ಲಿ ನೆಂಟರು ತುಂಬಿದ ಮನೇಲಿ, ಯಾರೂ ಏಳೋ ಮೊದಲು ಎದ್ದು ಆ ಮೆಸೇಜ್ ಓದಿ ಮತ್ತೆ ಮಲಗಿದ್ದೂ ಉಂಟು. ಮೆಸೇಜ್ ಬರದೇ ಇದ್ರೆ ಅದೇ ನಂಗೆ ಗಂಟೆ, ಚಾ ಕುಡಿದು ಸೀದಾ ವಖಾರಿಗೆ ಹೋಗ್ತೇನೆ.

ಮಳೆಗಾಲದ ಸಮಸ್ಯೆ ಒಂದು ಉಳಿದಿತ್ತು. ಮರ ಬಿದ್ದು ಲೈನ್ ಹೋದ್ರೆ ರಾತ್ರಿಯಿಡೀ ಕರೆಂಟ್ ಇಲ್ಲ, ಯುಪಿಎಸ್ ಮುಕ್ಕಾಲು ಗಂಟೆಗೆ ಸೋಲ್ತದೆ. ಒಂದೂವರೆಗೆ ಮೆಷಿನ್ ಬಂದ್ ಇದ್ರೆ ಆ ಕೆಲಸ ತಪ್ಪಿತು, ಆಮೇಲೆ ಎದ್ದರೂ ಕ್ರಾನ್ ಅದನ್ನ ಮಾಡೋದಿಲ್ಲ. ಹಾಗಾಗಿ ಬ್ಯಾಕಪ್ ಒಂದನ್ನ ಡೆಬಿಯನ್‌ನಲ್ಲೇ ಇರೋ ಇನ್ನೊಂದು ವ್ಯವಸ್ಥೆ ಸಿಸ್ಟಮ್‌ಡಿ ಟೈಮರಿಗೆ ಬದಲಾಯಿಸಿದೆ, ಅದರಲ್ಲಿ ಪರ್ಸಿಸ್ಟೆಂಟ್ ಅಂತ ಒಂದು ಸಾಲು ಹಾಕಿದ್ರೆ ತಪ್ಪಿದ ಕೆಲಸವನ್ನ ಎದ್ದ ಕೂಡಲೇ ಮಾಡ್ತದೆ. ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗೋ ಹಾಗೆ ಬಯೋಸಲ್ಲೂ ಸೆಟ್ ಮಾಡಿದ್ದೇನೆ. ಉಳಿದ ಚಿಲ್ಲರೆ ಕೆಲಸಗಳೆಲ್ಲ ಇನ್ನೂ ಕ್ರಾನ್‌ನಲ್ಲೇ ಇವೆ, ಬದಲಾಯಿಸೋ ಯೋಚನೆ ಇಲ್ಲ.

ಐದಕ್ಕೆ ಮೂರೂವರೆ ಕೊಡ್ತೇನೆ. ಒಂದೂವರೆ ಕಳೆದಿದ್ದು ಆ ನಾಲ್ಕು ರಾತ್ರಿಗೆ. ನಿನ್ನೆ ಮಧ್ಯರಾತ್ರಿ ಹೋದ ಕರೆಂಟ್ ಬೆಳಿಗ್ಗೆ ಏಳೂ ಐದಕ್ಕೆ ಬಂತು, ಏಳೂ ಹತ್ತಕ್ಕೆ ಮೆಸೇಜ್ ಬಂತು, 41 ಎಂಬಿ.